ನಲವತ್ತೊಂದು ಮತ

ಸೋತದ್ದು ನಲವತ್ತೊಂದು ಮತದಿಂದ.
ಉಳಿದದ್ದು ಅರವತ್ತಮೂರು ಪ್ಲಾಸ್ಟಿಕ್ ಫಲಕ,
ಗ್ಯಾರೇಜಿನ ಗೋಡೆಗೆ ಒರಗಿ, ಎಲ್ಲದರಲ್ಲೂ ನಾನೇ,
ಒಸಡು ಕಾಣುವಷ್ಟು ನಕ್ಕು:
‘ಲೆಂಪಿ ಕೇಳಿಸಿಕೊಳ್ಳುತ್ತಾಳೆ.’

ಥಂಡರ್ ಬೇಯಲ್ಲಿ ನವೆಂಬರ್. ಸರೋವರದ ಗಾಳಿ
ಬಾಗಿಲ ಸಂದಿಯಲ್ಲಿ ನುಗ್ಗಿದಾಗೆಲ್ಲ
ಅರವತ್ತಮೂರು ಲೆಂಪಿಯರು ಪಟಪಟ ಅನ್ನುವರು,
ಪ್ರಚಾರದುದ್ದಕ್ಕೂ ಯಾರೂ ತಟ್ಟದ ಚಪ್ಪಾಳೆ.

ಅದೇ ವಾರ ಓನಿಯ ತರಗತಿಯ ಎರಡು ಗಿನಿಹಂದಿಗಳಿಗೆ
ಮನೆ ಬೇಕಾಯಿತು. ಟೀಚರಿಗೆ ಸೀನು ನಿಲ್ಲದು.
ಚೀಟಿ ಎತ್ತಿದರಂತೆ, ಇವನ ಹೆಸರು ಬಂತಂತೆ.
ಮನೆಯಲ್ಲಿ ಯಾರಾದರೊಬ್ಬರು ಗೆಲ್ಲಬೇಕಿತ್ತಲ್ಲ.

ಅಂಗಡಿಯ ಪಂಜರಕ್ಕೆ ನೂರೆಂಬತ್ತು ಡಾಲರ್,
ಅದೂ ತಿರುಗಿ ಕೂರಲು ಜಾಗವಿಲ್ಲದ್ದು.
ನಾನು ಸ್ಕೂಲ್ ಬಸ್ಸು ಓಡಿಸುವವಳು.
ಫಲಕ ಅಚ್ಚು ಹಾಕಿಸಿದ ಬಾಕಿಯೇ ಇನ್ನೂ
ಫ್ರಿಜ್ಜಿನ ಮೇಲೆ ಅಯಸ್ಕಾಂತಕ್ಕೆ ಜೋತು ಬಿದ್ದಿತ್ತು.

ಮುಚ್ಚುತ್ತಿದ್ದ ಚಪ್ಪಲಿ ಅಂಗಡಿಯಿಂದ
ಹದಿನಾಲ್ಕು ತಂತಿ ಜಾಲರಿ, ಚೌಕಾಸಿ ಮಾಡಿ ಹನ್ನೆರಡು ಡಾಲರಿಗೆ.
(ಕಣ್ಣು ಸಣ್ಣದಿರಬೇಕು. ತಲೆ ತೂರಿತೆಂದರೆ
ವಾಪಸು ಬರುವುದಿಲ್ಲ. ನನಗೆ ಗೊತ್ತು.)
ಬಿಗಿಯುವ ಪಟ್ಟಿ ಒಂದು ಕಟ್ಟು, ಮೂರೂವರೆ.
ನೆಲಕ್ಕೇನು ಮಾಡೋಣ ಅಂದೆ.
‘ಅಮ್ಮ,’ ಅಂದ ಓನಿ, ‘ನೀನಿದ್ದೀಯಲ್ಲ.’

ಅಡುಗೆಮನೆಯಲ್ಲಿ ನನ್ನನ್ನು ಅಂಗಾತ ಮಲಗಿಸಿದೆ.
ಬೋರಲು ಹಾಕಿದೆ. ಅಲ್ಲೂ ನಾನೇ.
ಎರಡೂ ಕಡೆ ಅಚ್ಚು ಹಾಕಿಸಿದ್ದೆ, ದುಂದುಗಾತಿ.

ಅಂಚಿನಿಂದ ಆರಂಗುಲ ಬಿಟ್ಟು ಗೆರೆ ಎಳೆದು
ಮೇಲಿನ ಪದರವನ್ನಷ್ಟೇ ಕೊಯ್ಯಬೇಕು,
ಕೆಳಗಿನದು ಹಾಗೇ ಇರಬೇಕು.
ಆಗ ಮಡಚುತ್ತದೆ, ಮುರಿಯುವುದಿಲ್ಲ.
ಮೊದಲನೆಯದರಲ್ಲಿ ಕೈ ಭಾರವಾಗಿ
ಗದ್ದ ಎರಡು ತುಂಡು.
ಎರಡನೆಯದಕ್ಕೆ ಉಸಿರು ಬಿಗಿಹಿಡಿದೆ,
ಓನಿ ನಾಲಿಗೆ ಕಚ್ಚಿಕೊಂಡು ಅಳತೆಪಟ್ಟಿ ಒತ್ತಿಹಿಡಿದ.

ಮಡಿಕೆ ನೆಟ್ಟಗೆ ಘೋಷಣೆಯ ನಡುವೆಯೇ ಹಾಯ್ದಿತು.
ಒಂದು ಗೋಡೆ ಈಗ ‘ಲೆಂಪಿ ಕೇಳಿಸಿ’ ಎಂದು ನಿಲ್ಲುತ್ತದೆ,
ಮೂಲೆ ತಿರುಗಿದರೆ ‘ಕೊಳ್ಳುತ್ತಾಳೆ’.
ಏನನ್ನು ಕೊಳ್ಳುತ್ತಾಳೆ, ಜೇಬು ಕೊಡವಿದರೂ
ನೂರೆಂಬತ್ತು ಉದುರದವಳು?

ಮೇಲಿನ ಅಟ್ಟಕ್ಕೊಂದು ಏರುದಾರಿ ಬೇಕಿತ್ತು.
ನನ್ನದು ಅಗ್ಗದ ಫಲಕ, ಭಾರ ಬಿದ್ದರೆ ಬಾಗುವುದು.
ಗೆದ್ದವನದು ದಪ್ಪ, ನೀಲಿ, ದುಡ್ಡಿದ್ದವನದು.
ನಾನು ಬೇಡ ಬೇಡ ಅನ್ನುವಷ್ಟರಲ್ಲಿ
ಓನಿ ಡನ್‌ಸ್ಟನ್ ಪೆಲ್ಕಿಯ ಮನೆಯ ಬೆಲ್ಲು ಒತ್ತಿ ಬಂದಿದ್ದ,
ಕಂಕುಳಲ್ಲಿ ಪೆಲ್ಕಿ, ಕೈಯಲ್ಲಿ ಅವನು ಕೊಟ್ಟ ಅರ್ಧ ಎಲೆಕೋಸು.
‘ಅಮ್ಮನಿಗೆ ಒಳ್ಳೇ ಪೈಪೋಟಿ ಅಂತ ಹೇಳು ಅಂದರು.’

ಮೂರು ದಿನ ಆ ದಾರಿಗೆ ಯಾರೂ ಕಾಲಿಡಲಿಲ್ಲ.
ನಾನೇನೂ ಅನ್ನಲಿಲ್ಲ.
ಪಾತ್ರೆ ತೊಳೆಯುತ್ತ ಸಿಳ್ಳೆ ಹಾಕಿದ್ದು ನಿಜ.
ನಾಲ್ಕನೆಯ ಬೆಳಗ್ಗೆ ಕಂದುಬಣ್ಣದ್ದು, ಮುಸ್ತಿ,
ಮೂಸಿ ಮೂಸಿ ಪೆಲ್ಕಿಯ ಟೈ ಹತ್ತಿ, ಮೂಗು ದಾಟಿ,
ಹಣೆಯ ಮೇಲೆ ಕೂತು ಎಲೆಕೋಸು ಮೆಂದಿತು.

ಲೆಕ್ಕ ಬರೆದಿಟ್ಟಿದ್ದೇನೆ: ಒಟ್ಟು ಹದಿನೇಳು ಡಾಲರ್,
ನನ್ನ ಮುಖದ ಖರ್ಚು ಸೇರಿಸದೆ.

ಭಾನುವಾರ ಹಾಸಿದ ಹಳೇ ಟವೆಲುಗಳನ್ನು ತೆಗೆದು
ವಿನೆಗರ್ ಚಿಮುಕಿಸಿ ಒರೆಸುತ್ತೇನೆ.
ಉಚ್ಚೆಯ ಬಿಳಿ ಕಲೆ ಹೋಗುತ್ತದೆ,
ನಗು ಹೋಗುವುದಿಲ್ಲ. ಒಳ್ಳೆಯ ಶಾಯಿ ಕೇಳಿ ಹಾಕಿಸಿದ್ದೆ.

ಬೆಳಗಿನ ಜಾವ ಐದಕ್ಕೆ ಬಸ್ಸು ಬೆಚ್ಚಗಾಗಿಸಲು ಎದ್ದು
ಕತ್ತಲಲ್ಲೇ ಫ್ರಿಜ್ಜಿನ ಬಾಗಿಲು ಎಳೆಯುತ್ತೇನೆ.
ಹಾಲಿಗೆ ಕೈ ತಾಗಿರುವುದಿಲ್ಲ, ಅಷ್ಟರಲ್ಲಿ
ಎರಡೂ ಒಟ್ಟಿಗೆ, ಓಣಿಗೆಲ್ಲ ಕೇಳುವಂತೆ,
ಕುಂಯ್ ಕುಂಯ್ ಕುಂಯ್.
‘ಕೇಳಿಸಿತು ಕಣ್ರೋ, ಕೇಳಿಸಿತು,’ ಅನ್ನುತ್ತೇನೆ,
ಕ್ಯಾರೆಟ್ಟಿನ ಸಿಪ್ಪೆ ಹುಡುಕುತ್ತ.

ಹೊರಗೆ ಮೊಣಕಾಲುದ್ದ ಹಿಮ.
ನಮ್ಮ ಬೀದಿಗೆ ಹಿಮ ತಳ್ಳುವ ಬಂಡಿ ಇನ್ನೂ ಬಂದಿಲ್ಲ.
ಸಲಿಕೆ ಎಲ್ಲಿಟ್ಟೆನೋ.